ಮಾತಿನ ಹಲಗೆ ಮತ್ತು ಮನೆಯವರ ಮನಸ್ಸು

ಮಾತು ಬಾರದ ಮಗುವಿರುವ ಮನೆಯಲ್ಲಿ ಮಾತಿಗೇನೂ ಬರವಿರುವುದಿಲ್ಲ. “ಇವನಪ್ಪನೂ ನಾಲ್ಕು ತುಂಬಿದ ಮೇಲೆಯೇ ಮಾತಾಡಿದ್ದು” ಎಂದು ಅಜ್ಜಿ ಸಮಾಧಾನ ಹೇಳುತ್ತಾರೆ. ಬಜೆಯನ್ನು ತೇಯ್ದು ಜೇನಿನೊಡನೆ ಸವರಿದರೆ ನಾಲಗೆ ತಿರುಗೀತೆಂದು ನೆರೆಯವರು ಸೂಚಿಸುತ್ತಾರೆ. ಶೃಂಗೇರಿಯಲ್ಲಿ ಅಕ್ಷರಾಭ್ಯಾಸ ಮಾಡಿಸಿದರೆ ಎಲ್ಲವೂ ಸರಿಹೋದೀತೆಂದು ನೆಂಟರು ನಂಬಿಸುತ್ತಾರೆ. ಇವೆಲ್ಲವನ್ನೂ ಮಾಡಿ ಮುಗಿಸಿ, ಮಕ್ಕಳ ವೈದ್ಯರಿಂದ ಮನೋವೈದ್ಯರಿಗೂ ಅಲ್ಲಿಂದ ವಾಕ್ ಚಿಕಿತ್ಸಕರಿಗೂ ಅಲೆದು, ಮಗುವಿಗಿರುವುದು ಆಟಿಸಂ, ಅರ್ಥಾತ್ ಸ್ವಲೀನತೆ, ಎಂಬ ನಿರ್ಣಯವನ್ನು ಕೇಳಿ ಅರಗಿಸಿಕೊಳ್ಳುತ್ತಿರುವ ತಾಯ್ತಂದೆಗಳ ಮುಂದೆ ಒಂದು ದಿನ ಚಿಕಿತ್ಸಕರು ಟ್ಯಾಬ್ಲೆಟ್ಟೊಂದನ್ನಿಟ್ಟು, “ಇನ್ನು ಮುಂದೆ ಇವನು ಇದರ ಮೂಲಕ ಮಾತಾಡಲಿ” ಎಂದಾಗ, ಅವರ ಮನಸ್ಸಿನಲ್ಲಿ ಏಳುವ ಭಾವ ಒಂದೇ ಬಗೆಯದಾಗಿರುವುದಿಲ್ಲ. ಆಸೆ, ಅಳುಕು, ಹಣದ ಲೆಕ್ಕಾಚಾರ, ಎಲ್ಲೋ ಒಂದಿಷ್ಟು ಅವಮಾನ ಕೂಡ, ಒಂದನ್ನೊಂದು ತಳ್ಳಿಕೊಂಡು ಬರುತ್ತವೆ. ಅವುಗಳಲ್ಲಿ ಯಾವುದು ಸಕಾರಣ, ಯಾವುದು ನಿಷ್ಕಾರಣ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

1943ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ವೈದ್ಯ ಲಿಯೋ ಕ್ಯಾನರ್ ಈ ಸ್ಥಿತಿಯನ್ನು ಕುರಿತು ಬರೆದ ಪ್ರಸಿದ್ಧ ಪ್ರಬಂಧದಲ್ಲಿ 11 ಮಕ್ಕಳ ವೃತ್ತಾಂತವಿದೆ. ಅವರಲ್ಲಿ ಮೂವರಿಗೆ ಮಾತು ಬಂದಿರಲಿಲ್ಲ. ಇಂದಿನ ಅಂದಾಜೂ ಅದಕ್ಕೆ ಬಹಳ ದೂರವಾಗಿಲ್ಲ: ಆಟಿಸಂ ಇರುವ ಮಕ್ಕಳಲ್ಲಿ ನೂರಕ್ಕೆ ಸುಮಾರು 30 ಮಂದಿ ಶಾಲೆಗೆ ಸೇರುವ ವಯಸ್ಸು ಮುಟ್ಟಿದರೂ ನಾಲ್ಕಾರು ಪದಗಳಾಚೆಗೆ ಹೋಗಿರುವುದಿಲ್ಲ. ಕ್ಯಾನರರ ಕಾಲದಿಂದ ಮುಂದಿನ ಎರಡು ಮೂರು ದಶಕಗಳವರೆಗೆ ವಿದ್ವಾಂಸರು ಈ ಮೌನಕ್ಕೆ ತಾಯಿಯ ಪ್ರೀತಿ ತಣ್ಣಗಿದ್ದುದೇ ಕಾರಣವೆಂದು ಆರೋಪಿಸುತ್ತ ಬಂದುದೂ, ಆ ಆರೋಪ ನಿರಾಧಾರವೆಂದು ಸಿದ್ಧವಾಗುವ ಹೊತ್ತಿಗೆ ಒಂದು ತಲೆಮಾರಿನ ತಾಯಂದಿರು ಅಪರಾಧಿಭಾವದಲ್ಲಿ ಬೆಂದುಹೋದುದೂ ವೈದ್ಯಶಾಸ್ತ್ರದ ಇತಿಹಾಸದಲ್ಲಿ ಅಷ್ಟೇನೂ ಹೆಮ್ಮೆಯ ಅಧ್ಯಾಯವಲ್ಲ. ಅದನ್ನು ಇಲ್ಲಿ ಪ್ರಸ್ತಾಪಿಸುವುದಕ್ಕೆ ಕಾರಣವುಂಟು. ತಾಯಿಯನ್ನು ದೂರುವ ಆ ಚಾಳಿ ಇಂದು ವೇಷ ಬದಲಿಸಿಕೊಂಡು, “ನೀನು ಊಟ ಮಾಡಿಸುವಾಗ ಮೊಬೈಲು ಕೊಟ್ಟಿದ್ದರಿಂದಲೇ ಹೀಗಾದದ್ದು” ಎಂಬ ರೂಪದಲ್ಲಿ ನಮ್ಮ ಮನೆಗಳಲ್ಲಿಯೇ ಓಡಾಡುತ್ತಿದೆ. ಈ ಮಾತನ್ನು ಅತ್ತೆಯಿಂದಲೂ ಓರಗಿತ್ತಿಯಿಂದಲೂ ಕೇಳಿ ನೊಂದ ಹೆಂಗಸಿನ ಕೈಗೆ ಮೊಬೈಲಿಗಿಂತ ದೊಡ್ಡದಾದ ಇನ್ನೊಂದು ಪರದೆಯನ್ನಿತ್ತು, ಇದೇ ಔಷಧವೆಂದರೆ ಅವಳು ಬೆಚ್ಚದೆ ಇನ್ನೇನು ಮಾಡಿಯಾಳು?

ಮಾತಿಗೆ ಬದಲಾಗಿ ಚಿತ್ರವನ್ನೋ ಚಿಹ್ನೆಯನ್ನೋ ಬಳಸುವ ಪದ್ಧತಿ ಟ್ಯಾಬ್ಲೆಟ್ಟಿನೊಡನೆ ಹುಟ್ಟಿದ್ದಲ್ಲ. ಚಾರ್ಲ್ಸ್ ಬ್ಲಿಸ್ ಎಂಬಾತ ಜಗತ್ತಿನ ಜನರೆಲ್ಲ ಪರಸ್ಪರ ಅರಿಯಲೆಂದು 1949ರಲ್ಲಿ ಪ್ರಕಟಿಸಿದ ಚಿಹ್ನೆಗಳ ಲಿಪಿ, ಅವನು ಬಯಸಿದ ರಾಜಕೀಯ ಕಾರ್ಯಕ್ಕೆ ಒದಗದೆ, 1971ರಲ್ಲಿ ಕೆನಡದ ಟೊರಾಂಟೋ ನಗರದಲ್ಲಿ ಅಂಗವಿಕಲ ಮಕ್ಕಳ ಮಾತಿಗೆ ಒದಗಿತು. 1985ರಲ್ಲಿ ಅಮೆರಿಕದ ಡೆಲವೇರ್ ಸಂಸ್ಥಾನದಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ಎಂಬವರು, ಚಿತ್ರದ ಚೀಟಿಯನ್ನು ಮಗು ಇನ್ನೊಬ್ಬರ ಕೈಗಿತ್ತು ಬೇಕಾದುದನ್ನು ಪಡೆಯುವ ‘ಪೆಕ್ಸ್’ ಪದ್ಧತಿಯನ್ನು ರೂಪಿಸಿದರು. ಗುಂಡಿಯೊತ್ತಿದರೆ ನುಡಿಯುವ ಯಂತ್ರಗಳೂ ಇದ್ದವಾದರೂ ಅವುಗಳ ಬೆಲೆ ಸಾವಿರಾರು ಡಾಲರು. ತೂಕವೂ ಬೆಲೆಗೆ ತಕ್ಕದ್ದೇ. 2009ರಲ್ಲಿ ನೆದರ್ಲೆಂಡಿನ ಒಂದು ಸಂಸ್ಥೆ ‘ಪ್ರೊಲೊಕ್ವೊಟುಗೋ’ ಎಂಬ ಆ್ಯಪನ್ನು ಹೊರತಂದು, ಮರುವರ್ಷ ಐಪ್ಯಾಡು ಮಾರುಕಟ್ಟೆಗೆ ಬಂದ ಮೇಲೆ, ಆಸ್ಪತ್ರೆಯ ಉಪಕರಣದಂತೆ ಕಾಣುತ್ತಿದ್ದ ವಸ್ತು ಯಾವ ಅಂಗಡಿಯಲ್ಲಾದರೂ ದೊರೆಯುವ ವಸ್ತುವಾಯಿತು. ನಮ್ಮ ದೇಶದಲ್ಲಿ ಚೆನ್ನೈನ ಎಂಜಿನಿಯರ್ ಅಜಿತ್ ನಾರಾಯಣನ್ ‘ಆವಾಜ್’ ಎಂಬ ನುಡಿಯುವ ಯಂತ್ರವನ್ನು ಮೊದಲು ಪ್ರತ್ಯೇಕ ಉಪಕರಣವಾಗಿಯೂ ಅನಂತರ ಟ್ಯಾಬ್ಲೆಟ್ಟಿನ ಆ್ಯಪಾಗಿಯೂ ರೂಪಿಸಿದರು. ಮುಂಬಯಿಯ ಐಐಟಿಯಲ್ಲಿ ‘ಜೆಲ್ಲೋ’ ಎಂಬುದು ಸಿದ್ಧವಾಗಿ ಉಚಿತವಾಗಿಯೇ ದೊರೆಯುತ್ತಿದೆ. ಇವೆಲ್ಲಕ್ಕೂ ಸೇರಿದ ಶಾಸ್ತ್ರೀಯ ನಾಮಧೇಯ ‘ವರ್ಧಕ ಮತ್ತು ಪರ್ಯಾಯ ಸಂವಹನ’. ಚಿಕಿತ್ಸಾಲಯಗಳಲ್ಲಿ ಎಲ್ಲರೂ ಅನ್ನುವುದು ‘ಎಎಸಿ’ ಎಂದೇ.

ಪಾಲಕರ ಮೊದಲನೆಯ ಭಯ ಎಲ್ಲ ದೇಶಗಳಲ್ಲಿಯೂ ಒಂದೇ. ಬೆರಳಿನಿಂದಲೇ ಕೆಲಸವಾಗುವಾಗ ಬಾಯಿ ಯಾಕೆ ತೆರೆದೀತು, ಬರಬೇಕಾಗಿದ್ದ ಮಾತೂ ಸೋಮಾರಿತನದಿಂದ ಹಿಂದೆ ಸರಿದೀತು ಎಂಬುದು ಅದು. ಈ ಶಂಕೆ ತರ್ಕಕ್ಕೆ ಒಪ್ಪುವಂತೆಯೇ ಕಾಣುತ್ತದೆ. ಆದರೆ ಅನುಭವ ಅದನ್ನು ಸಮರ್ಥಿಸಿಲ್ಲ. ಮಿಲ್ಲರ್, ಲೈಟ್ ಮತ್ತು ಶ್ಲಾಸರ್ ಎಂಬ ಮೂವರು ಸಂಶೋಧಕರು 2006ರಲ್ಲಿ, ಅದುವರೆಗಿನ ಅಧ್ಯಯನಗಳಲ್ಲಿ ನಂಬಿಕೆಗೆ ಅರ್ಹವೆನಿಸಿದ 27 ಮಂದಿಯ ವೃತ್ತಾಂತಗಳನ್ನು ಆರಿಸಿ ನೋಡಿದಾಗ, ಇಂಥ ಸಾಧನದ ಬಳಕೆಯಿಂದ ಬಾಯಿಮಾತು ಕಡಿಮೆಯಾದವರು ಒಬ್ಬರೂ ಸಿಕ್ಕಲಿಲ್ಲ. ನೂರಕ್ಕೆ 89ರಷ್ಟು ಮಂದಿಯಲ್ಲಿ ಅದು ಅಷ್ಟಿಷ್ಟು ಹೆಚ್ಚಿತ್ತು. 2014ರಲ್ಲಿ ಕೋನಿ ಕಸಾರಿಯವರ ತಂಡ ಅಮೆರಿಕದಲ್ಲಿ, ಐದರಿಂದ ಎಂಟು ವರ್ಷದೊಳಗಿನ, ಬಹುಮಟ್ಟಿಗೆ ಮಾತಿಲ್ಲದ 61 ಮಕ್ಕಳೊಡನೆ ನಡೆಸಿದ ಪ್ರಯೋಗದಲ್ಲಿ, ಚಿಕಿತ್ಸೆಯ ಆರಂಭದಿಂದಲೇ ನುಡಿಯುವ ಸಾಧನವನ್ನು ಪಡೆದ ಮಕ್ಕಳು, ಬರಿಯ ಬಾಯಿಮಾತಿನ ಚಿಕಿತ್ಸೆ ಪಡೆದವರಿಗಿಂತ ಹೆಚ್ಚಾಗಿ ತಾವಾಗಿಯೇ ಮಾತಿಗೆ ತೊಡಗಿದರು. ಇಷ್ಟರಿಂದ ಟ್ಯಾಬ್ಲೆಟ್ಟು ಮಾತು ತರಿಸುತ್ತದೆಂದು ಹಿಗ್ಗುವುದೂ ಸಲ್ಲ. ಹೆಚ್ಚಿದ ಮಾತು ಬಹಳ ಕಡೆ ಸ್ವಲ್ಪವೇ. ಕೆಲವರಿಗೆ ಅದು ಎಂದೂ ಬಾರದೆಯೂ ಹೋದೀತು. “ಇದನ್ನು ಕೊಟ್ಟರೆ ಆರು ತಿಂಗಳಲ್ಲಿ ಮಾತು ಗ್ಯಾರಂಟಿ” ಎನ್ನುವವರನ್ನು ದೂರವಿಡುವುದು ವಿವೇಕ. ಮಾತಿಗೆ ಅಡ್ಡಿಯಾಗುವುದೆಂಬ ಹೆದರಿಕೆಯಿಂದ ಮಗುವಿನ ಐದಾರು ವರ್ಷಗಳನ್ನು ಕಾದು ಕಳೆಯುವುದಕ್ಕೆ ಮಾತ್ರ ಯಾವ ಆಧಾರವೂ ಇಲ್ಲ.

ಎರಡನೆಯ ಆಕ್ಷೇಪಕ್ಕೆ ಇಷ್ಟು ಸುಲಭವಾದ ಉತ್ತರವಿಲ್ಲ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಸೂಚನೆಯಂತೆ ಎರಡು ವರ್ಷಕ್ಕಿಂತ ಕಿರಿಯ ಮಕ್ಕಳಿಗೆ ಪರದೆಯೇ ಕೂಡದು, ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಕೂಡದು. ಇತ್ತ ವಾಕ್ ಚಿಕಿತ್ಸಕರು ಪರದೆಯನ್ನು ಎದ್ದಾಗಿನಿಂದ ಮಲಗುವವರೆಗೂ ಮಗುವಿನ ಬಳಿಯಲ್ಲಿಯೇ ಇಡಿರೆನ್ನುತ್ತಾರೆ. ಒಂದೇ ವಾರದಲ್ಲಿ ಎರಡು ಕೋಣೆಗಳಲ್ಲಿ ಎರಡು ವಿರುದ್ಧ ವಾಕ್ಯಗಳನ್ನು ಕೇಳಿಸಿಕೊಂಡ ತಂದೆಗೆ, ಮೊದಲನೆಯದು ನೋಡುವ ಪರದೆಗೂ ಎರಡನೆಯದು ನುಡಿಯುವ ಪರದೆಗೂ ಸಂಬಂಧಿಸಿದ್ದೆಂದು ಬಿಡಿಸಿ ಹೇಳುವವರು ವಿರಳ. ಹೇಳಿದರೂ, ಮಗು ಆ ಭೇದವನ್ನು ಒಪ್ಪಬೇಕಲ್ಲ! ನಿನ್ನೆಯವರೆಗೆ ಯಾವ ಗಾಜಿನ ಮೇಲೆ ಹಾಡುಕುಣಿತಗಳು ಬರುತ್ತಿದ್ದುವೋ ಅದೇ ಗಾಜಿನ ಮೇಲೆ ಇಂದು ‘ಊಟ’, ‘ನೀರು’, ‘ಹೊರಗೆ’ ಎಂಬ ಚೌಕಗಳು ಮಾತ್ರ ಕಂಡರೆ ಅದು ಚೌಕಗಳನ್ನು ಸರಿಸಿ ಯೂಟ್ಯೂಬಿಗೆ ಹಾರುತ್ತದೆ. ಇದನ್ನು ಅನುಭವಿಸಿದ ಪಾಲಕರ ಸಲಹೆ ಒಂದೇ: ಮಾತಿನ ಟ್ಯಾಬ್ಲೆಟ್ಟಿನಲ್ಲಿ ಬೇರೇನೂ ಇರಕೂಡದು, ಆಟಕ್ಕೆ ಬೇರೆಯದಿರಲಿ, ಇಲ್ಲವೇ ಆಟವೇ ಬೇಡ. ಪರದೆಯನ್ನು ಒಂದೇ ಆ್ಯಪಿಗೆ ಬಿಗಿದುಹಾಕುವ ಏರ್ಪಾಡು ಐಪ್ಯಾಡಿನಲ್ಲಿಯೂ ಆಂಡ್ರಾಯ್ಡಿನಲ್ಲಿಯೂ ಉಂಟು. ಮಧ್ಯಮವರ್ಗದ ಸಂಸಾರಕ್ಕೆ ಒಂದೇ ಕೆಲಸಕ್ಕೆ ಮೀಸಲಾದ ಟ್ಯಾಬ್ಲೆಟ್ಟೆಂದರೆ ದುಂದಿನಂತೆ ತೋರುವುದು ಸಹಜ. ಅಕ್ಕನ ಆನ್‌ಲೈನ್ ಪಾಠಕ್ಕೂ ಅದೇ, ತಮ್ಮನ ಮಾತಿಗೂ ಅದೇ ಎಂದಾದ ಮನೆಯಲ್ಲಿ ಅಕ್ಕನ ಪಾಠದ ವೇಳೆಯಲ್ಲಿ ತಮ್ಮ ಮೂಕನೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಮೂರನೆಯದು ಆಕ್ಷೇಪಕ್ಕಿಂತ ಹೆಚ್ಚಾಗಿ ಅಭಿಮಾನ. “ನನ್ನ ಮಗನಿಗೆ ಏನು ಬೇಕೆಂಬುದು ಅವನ ಕಣ್ಣು ನೋಡಿದರೇ ನನಗೆ ತಿಳಿಯುತ್ತದೆ, ನಡುವೆ ಈ ಯಂತ್ರವೇಕೆ?” ಎನ್ನುವ ತಾಯಂದಿರುಂಟು. ಅವರ ಮಾತು ಸುಳ್ಳಲ್ಲ. ಹತ್ತು ವರ್ಷ ಒಂದೇ ಮಗುವಿನ ಉಸಿರನ್ನು ಆಲಿಸಿ ಗಳಿಸಿದ ಜ್ಞಾನ ಯಾವ ಯಂತ್ರದಲ್ಲಿಯೂ ಇಲ್ಲ. ಆದರೆ ಆ ಜ್ಞಾನ ತಾಯಿಯೊಡನೆ ಓಡಾಡುತ್ತದೆ, ಮಗನೊಡನೆ ಓಡಾಡುವುದಿಲ್ಲ. ಶಾಲೆಯ ವಾಹನದ ಆಯಾ, ಚಿಕ್ಕಪ್ಪ, ರೈಲಿನಲ್ಲಿ ಎದುರು ಕುಳಿತ ಅಪರಿಚಿತ, ತುರ್ತು ಚಿಕಿತ್ಸಾ ಕೊಠಡಿಯಲ್ಲಿ ರಾತ್ರಿಪಾಳಿಯ ವೈದ್ಯ, ಇವರಾರಿಗೂ ಆ ಕಣ್ಣಿನ ಭಾಷೆ ತಿಳಿಯದು. ತಾಯಿಗೂ ತಿಳಿಯದ ಸಂಗತಿಗಳಿವೆ. ಆಟಿಸಂ ಇರುವ ಮಗು ಏಕಾಏಕಿ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳತೊಡಗಿದಾಗ ಅದು ಹಟವೋ, ಹಲ್ಲುನೋವೋ, ಕಿವಿಯ ಸೋಂಕೋ, ಮಲಬದ್ಧತೆಯಿಂದಾದ ಹೊಟ್ಟೆಯ ಸಂಕಟವೋ ಎಂದು ಊಹಿಸುತ್ತ ರಾತ್ರಿಯೆಲ್ಲ ಕುಳಿತವರಿಗೆ, ‘ನೋವು’ ಮತ್ತು ‘ಇಲ್ಲಿ’ ಎಂಬ ಎರಡೇ ಗುಂಡಿಗಳ ಬೆಲೆ ವಿವರಿಸಿ ಹೇಳಬೇಕಾಗಿಲ್ಲ. ಇನ್ನೂ ಕಠಿನವಾದುದೊಂದಿದೆ: ಮನೆಯಾಚೆ ತನ್ನ ಮೈಮೇಲೆ ಯಾರಾದರೂ ಕೈಮಾಡಿದರೆ, ದುರ್ವರ್ತನೆ ತೋರಿದರೆ, ಮಾತಿಲ್ಲದ ವ್ಯಕ್ತಿ ಅದನ್ನು ಹೇಗೆ ತಿಳಿಸಬೇಕು? ದೇಹದ ಅಂಗಗಳ ಹೆಸರೂ ‘ನನಗೆ ಇಷ್ಟವಿಲ್ಲ’ ಎಂಬ ಮಾತೂ ಇರದ ಹಲಗೆ ಅಪೂರ್ಣವಾದುದು. ಸಂಕೋಚದಿಂದ ಅವನ್ನು ಸೇರಿಸದಿರುವ ಪಾಲಕರು ಸಂಕೋಚವನ್ನು ಬಿಡಬೇಕು. ಇಂಥ ಮಕ್ಕಳ ತಾಯ್ತಂದೆಗಳೆಲ್ಲ ಕೇಳಿಯೇ ಕೇಳುವ “ನಾವು ಹೋದ ಮೇಲೆ?” ಎಂಬ ಪ್ರಶ್ನೆಗೆ ಟ್ಯಾಬ್ಲೆಟ್ಟು ಪೂರ್ಣ ಉತ್ತರವಲ್ಲ; ಆದರೂ ಆ ಉತ್ತರದ ಒಂದು ಭಾಗ ಅಪರಿಚಿತರಿಗೂ ತಿಳಿಯುವ ಮಾತೇ ಆಗಿರಬೇಕು.

ಇನ್ನು ನಿಜವಾದ ತೊಡಕಿಗೆ ಬರೋಣ. ಸಾಧನ ಬಂದ ಆರಂಭದ ಉತ್ಸಾಹ ತಗ್ಗಿದ ಮೇಲೆ ಅದು ಬೀರುವಿನ ಮೇಲೇರಿಬಿಡುವುದು ಅಪರೂಪವಲ್ಲ. 1993ರಲ್ಲಿ ಫಿಲಿಪ್ಸ್ ಮತ್ತು ಝಾವೋ ಎಂಬಿಬ್ಬರು ಅಮೆರಿಕದಲ್ಲಿ 227 ವಯಸ್ಕ ಅಂಗವಿಕಲರನ್ನು ವಿಚಾರಿಸಿದಾಗ, ಎಲ್ಲ ಬಗೆಯ ಸಹಾಯಕ ಉಪಕರಣಗಳಲ್ಲಿ ನೂರಕ್ಕೆ 29ಕ್ಕೂ ಮಿಕ್ಕವು ಮೂಲೆ ಸೇರಿದ್ದುವು; ಆರಿಸುವಾಗ ಬಳಸುವವರ ಅಭಿಪ್ರಾಯವನ್ನು ಕೇಳದಿದ್ದುದು ಮುಖ್ಯ ಕಾರಣಗಳಲ್ಲೊಂದಾಗಿತ್ತು. ಮಾತಿನ ಟ್ಯಾಬ್ಲೆಟ್ಟಿನ ವಿಷಯದಲ್ಲಿ ಇದಕ್ಕೆ ಮತ್ತೊಂದು ಕಾರಣ ಕೂಡಿಕೊಳ್ಳುತ್ತದೆ. ಅದನ್ನು ಮಗುವಿನ ಕೈಗೆ ಕೊಟ್ಟು “ಮಾತಾಡು” ಎಂದರೆ ಅದು ಮಾತಾಡದು. ಬಾಯಿಮಾತನ್ನು ಕಲಿಯುವ ಶಿಶು ಒಂದು ವರ್ಷದಷ್ಟು ಕಾಲ ಸುತ್ತಲಿನವರ ಮಾತನ್ನು ಕೇಳಿಸಿಕೊಂಡ ಬಳಿಕವೇ ತನ್ನ ಮೊದಲ ಪದವನ್ನು ನುಡಿಯುತ್ತದೆ. ಅದೇ ನ್ಯಾಯದಿಂದ, ಗುಂಡಿಗಳ ಭಾಷೆಯನ್ನು ಕಲಿಯಬೇಕಾದ ಮಗು ಸುತ್ತಲಿನವರು ಆ ಗುಂಡಿಗಳನ್ನು ಒತ್ತಿ ಮಾತಾಡುವುದನ್ನು ದಿನದಿನವೂ ಕಾಣಬೇಕು. ತಾಯಿ ಅನ್ನ ಬಡಿಸುವಾಗ ಬಾಯಿಂದ “ಇನ್ನೂ ಬೇಕಾ?” ಎನ್ನುತ್ತ ಬೆರಳಿನಿಂದ ‘ಇನ್ನೂ’ ಎಂಬುದನ್ನು ಒತ್ತಬೇಕು, ತಂದೆ ಮನೆಗೆ ಬಂದಾಗ ‘ಅಪ್ಪ’, ‘ಬಂದ’ ಎಂದು ಒತ್ತಬೇಕು, ಇದೆಲ್ಲವನ್ನೂ ಮಗು ತಿರುಗಿ ನೋಡದಿದ್ದರೂ, ತಿಂಗಳುಗಟ್ಟಲೆ, ಮಾಡಬೇಕು. ಚಿಕಿತ್ಸಾಲಯದಲ್ಲಿ ಇದನ್ನು ಎರಡು ನಿಮಿಷದಲ್ಲಿ ವಿವರಿಸಿಬಿಡುತ್ತಾರೆ. ಅಡುಗೆ, ಕಚೇರಿ, ಇನ್ನೊಂದು ಮಗುವಿನ ಪರೀಕ್ಷೆ, ಅತ್ತೆಯವರ ಸಕ್ಕರೆಕಾಯಿಲೆ, ಇವುಗಳ ನಡುವೆ ಇದನ್ನು ಮಾಡತಕ್ಕವರು ಯಾರು? ತಾಯಿಯೇ. ಹೊಸ ಪದಗಳನ್ನು ಸೇರಿಸುವುದು, ಬಂಧುಗಳ ಭಾವಚಿತ್ರಗಳನ್ನು ಹಾಕುವುದು, ಚಾರ್ಜ್ ಮಾಡುವುದು, ಒಡೆದ ಗಾಜನ್ನು ಹಾಕಿಸಿಕೊಂಡು ಬರುವುದು ಕೂಡ ಅವಳ ಪಾಲಿಗೇ ಬೀಳುತ್ತವೆ. “ಮನೆಯಲ್ಲಿ ಬಳಸುತ್ತಿಲ್ಲ” ಎಂದು ಪಾಲಕರನ್ನು ಆಕ್ಷೇಪಿಸುವ ವೃತ್ತಿನಿರತರು ಆ ಮನೆಯಲ್ಲಿ ಒಂದು ಸಂಜೆ ಕಳೆದು ಬಂದು ಆಮೇಲೆ ಆಕ್ಷೇಪಿಸುವುದು ಮೇಲೆಂದು ನನ್ನ ಅಭಿಪ್ರಾಯ. ಈ ದುಡಿಮೆಯನ್ನು ಅಪ್ಪ, ಅಜ್ಜ, ತಂಗಿ ಹಂಚಿಕೊಂಡ ಮನೆಗಳಲ್ಲಿ ಸಾಧನ ಉಳಿಯುತ್ತದೆ. ಉಳಿದೆಡೆ ಅದಕ್ಕೆ ಬೀರುವೇ ಗತಿ.

ಕನ್ನಡದ ಮನೆಗಳಿಗೆ ಇನ್ನೊಂದು ಹೆಚ್ಚಿನ ಹೊರೆಯುಂಟು. ಈ ಹಲಗೆಗಳ ವಿನ್ಯಾಸವೆಲ್ಲ ಮೂಲತಃ ಇಂಗ್ಲಿಷಿನ ಪದಕ್ರಮವನ್ನು ಅನುಸರಿಸಿದ್ದು. ಅಲ್ಲಿ ಪದಗಳನ್ನು ಸಾಲಾಗಿ ಒತ್ತಿದರೆ ವಾಕ್ಯವಾಗಿಬಿಡುತ್ತದೆ. ಕನ್ನಡದಲ್ಲಿ ‘ನಾನು’, ‘ನೀರು’, ‘ಬೇಕು’ ಎಂದು ಒತ್ತಿದರೆ ಯಂತ್ರ “ನಾನು ನೀರು ಬೇಕು” ಎನ್ನುತ್ತದೆ. ‘ಅಜ್ಜಿ’, ‘ಮನೆ’, ‘ಹೋಗು’ ಎಂದರೆ ಅಜ್ಜಿಯನ್ನೇ ಹೊರಗೆ ಕಳಿಸಿದಂತಾಗುತ್ತದೆ. ವಿಭಕ್ತಿಯೂ ಲಿಂಗವಚನಗಳೂ ಪದದ ಬಾಲಕ್ಕೆ ಅಂಟಿಕೊಳ್ಳುವ ನಮ್ಮ ನುಡಿಗೆ ಒಂದೊಂದು ರೂಪಕ್ಕೆ ಒಂದೊಂದು ಗುಂಡಿಯಿಡುತ್ತ ಹೋದರೆ ಪರದೆ ಸಾಲದು. ಅಜಿತ್ ನಾರಾಯಣನ್ ಅವರು ವ್ಯಾಕರಣದ ಈ ತೊಡಕನ್ನೇ ಕುರಿತು ಯೋಚಿಸಿ, ಪದಗಳನ್ನು ಸಾಲಿನಲ್ಲಿಡದೆ ಯಾರು, ಏನು, ಎಲ್ಲಿ, ಯಾವಾಗ ಎಂಬ ಪ್ರಶ್ನೆಗಳಿಂದ ಜೋಡಿಸುವ ‘ಫ್ರೀಸ್ಪೀಚ್’ ಎಂಬ ಬೇರೆಯೇ ವಿಧಾನವನ್ನು 2013ರ ಸುಮಾರಿಗೆ ಪ್ರದರ್ಶಿಸಿದ್ದರು. ಅದು ಹೇಗಾದರೂ ಇರಲಿ, ಯಂತ್ರದ ಒಡಕು ಕನ್ನಡವನ್ನು ಕೇಳಿ ನಗುವ ಅಥವಾ ಬೇಸರಪಡುವ ಹಿರಿಯರು ಒಂದನ್ನು ಜ್ಞಾಪಿಸಿಕೊಳ್ಳಬಹುದು: ಯಾವ ಮಗುವೂ ವಿಭಕ್ತಿಪ್ರತ್ಯಯಗಳೊಡನೆ ಮಾತು ಆರಂಭಿಸಿದ್ದಿಲ್ಲ. ಇದಕ್ಕಿಂತ ದೊಡ್ಡ ಕೇಡು, ತೊಡಕನ್ನು ತಪ್ಪಿಸಲೆಂದು ಮಗುವಿನ ಹಲಗೆಯನ್ನು ಇಂಗ್ಲಿಷಿಗೇ ತಿರುಗಿಸಿಬಿಡುವುದು. ಎರಡು ಭಾಷೆಗಳ ನಡುವೆ ಬೆಳೆದರೆ ಆಟಿಸಂ ಇರುವ ಮಗುವಿಗೆ ಮಾತು ಮತ್ತಷ್ಟು ತಡವಾದೀತೆಂಬ ನಂಬಿಕೆಯನ್ನು ಅಧ್ಯಯನಗಳು ಸಮರ್ಥಿಸಿಲ್ಲ. ಹೀಗಿದ್ದೂ “ಒಂದೇ ಭಾಷೆ ಇಟ್ಟುಕೊಳ್ಳಿ, ಇಂಗ್ಲಿಷೇ ಇರಲಿ” ಎಂಬ ಸಲಹೆ ಇನ್ನೂ ನಿಂತಿಲ್ಲ. ಅಜ್ಜಿಗೆ ಬಾರದ ಭಾಷೆಯಲ್ಲಿ ಮೊಮ್ಮಗ ನೀರು ಕೇಳಿದರೆ ಆ ಮಾತು ಬಂದೂ ಏನು ಫಲ? ಧಾರವಾಡದ ಮನೆಯಲ್ಲಿ ‘ಬ್ಯಾಡ’ ಎಂದೂ ಮಂಗಳೂರಿನ ಮನೆಯಲ್ಲಿ ತುಳುವಿನಲ್ಲಿಯೂ ಯಂತ್ರ ನುಡಿಯಬೇಕಾದರೆ ಮನೆಯವರ ಧ್ವನಿಯನ್ನೇ ಮುದ್ರಿಸಿ ಗುಂಡಿಗೆ ಸೇರಿಸುವ ಸೌಲಭ್ಯ ಹಲವು ಆ್ಯಪುಗಳಲ್ಲಿದೆ. ಮಗುವಿನ ವಯಸ್ಸಿಗೆ ಸಮೀಪದವರು, ತಮ್ಮನೋ ಚಿಕ್ಕಮ್ಮನ ಮಗಳೋ, ಧ್ವನಿ ಕೊಟ್ಟರೆ ಉತ್ತಮ. ಇಂಗ್ಲಿಷಿನಲ್ಲಾದರೆ ಮಕ್ಕಳಿಂದಲೇ ಧ್ವನಿಮುದ್ರಣ ಮಾಡಿಸಿ ಕಟ್ಟಿದ ಕೃತಕ ಕಂಠಗಳು ದಶಕದ ಹಿಂದೆಯೇ ಬಂದಿವೆ.

ಹಲಗೆಯಲ್ಲಿ ಏನಿರಬೇಕೆಂಬುದನ್ನು ಗೊತ್ತುಮಾಡುವವರೂ ಪಾಲಕರೇ ಆದುದರಿಂದ ಅಲ್ಲಿ ಅವರ ಮನಸ್ಸು ಪ್ರತಿಬಿಂಬಿಸುತ್ತದೆ. ಹೆಚ್ಚಿನ ಹಲಗೆಗಳು ತಿಂಡಿಯಿಂದಲೂ ಸಾಮಾನುಗಳಿಂದಲೂ ತುಂಬಿರುತ್ತವೆ: ಬಿಸ್ಕತ್ತು, ಚಪಾತಿ, ಮೊಸರನ್ನ, ಬಚ್ಚಲು. ಆರು ತಿಂಗಳ ಬಳಿಕ “ಇವನು ತಿಂಡಿ ಕೇಳುವುದು ಬಿಟ್ಟರೆ ಬೇರೇನೂ ಹೇಳುವುದಿಲ್ಲ” ಎಂಬ ದೂರು ಬರುತ್ತದೆ. ಬೇರೇನನ್ನು ಹೇಳಲು ನಾವು ಅವಕಾಶ ಕೊಟ್ಟಿದ್ದೆವು? ‘ಬೇಡ’, ‘ಸಾಕು’, ‘ನಿಲ್ಲಿಸು’, ‘ಭಯ’, ‘ಯಾಕೆ’, ‘ಹೋಗು ಆಚೆ’ ಎಂಬ ಮಾತುಗಳಿಗೆ ಮೊದಲ ಪುಟದಲ್ಲಿಯೇ ಸ್ಥಳ ಬೇಕು. ಆ ‘ಬೇಡ’ಕ್ಕೆ ಬೆಲೆಯೂ ಇರಬೇಕು. ಶಾಲೆಗೆ ಹೋಗುವುದು ಬೇಡವೆಂದು ಒತ್ತಿದ ಮಾತ್ರಕ್ಕೆ ರಜೆ ಕೊಡಲಾಗದು, ನಿಜ. ನೆಂಟರ ಮಡಿಲಲ್ಲಿ ಕೂರುವುದು ಬೇಡವೆಂದು ಒತ್ತಿದರೆ ಮಾತ್ರ ನೆಂಟರಿಗೆ ಬೇಸರವಾದರೂ ಮಗುವಿನ ಮಾತೇ ನಡೆಯಬೇಕು. ಅದುವರೆಗೆ ಹಟ, ಕಚ್ಚುವುದು, ಕಿರಿಚುವುದು ಎಂದು ಕರೆಯುತ್ತಿದ್ದ ನಡತೆ ಗುಂಡಿಯೊತ್ತಿದ ಒಂದು ‘ಬೇಡ’ವಾಗಿ ಮಾರ್ಪಟ್ಟಾಗಲೇ ಅನೇಕ ಪಾಲಕರು ಈ ಸಾಧನಕ್ಕೆ ಒಲಿಯುತ್ತಾರೆ.

ಮಾತು ಯಾರದೆಂಬ ಸಂಶಯವನ್ನೂ ಇಲ್ಲಿ ನಿವಾರಿಸಿಕೊಳ್ಳಬೇಕು. ಮಗುವಿನ ಕೈಯನ್ನು ಹಿಡಿದು ಅಕ್ಷರ ಒತ್ತಿಸುವ ಒಂದು ಪದ್ಧತಿ 1990ರ ದಶಕದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಹಬ್ಬಿ, ಹೊರಡುತ್ತಿದ್ದ ಮಾತು ಕೈ ಹಿಡಿದವರದೇ ಎಂದು ಪರೀಕ್ಷೆಗಳಿಂದ ಸಿದ್ಧವಾದಾಗ ಅಪಖ್ಯಾತಿಗೆ ಗುರಿಯಾಯಿತು. ಬಾಲ್ಯದ ಕೆಲವು ವರ್ಷಗಳನ್ನು ಕರ್ನಾಟಕದಲ್ಲಿ ಕಳೆದು ಮುಂದೆ ಇಂಗ್ಲಿಷಿನಲ್ಲಿ ಗ್ರಂಥಗಳನ್ನು ಬರೆದ ಟಿಟೋ ರಾಜರ್ಷಿ ಮುಖೋಪಾಧ್ಯಾಯರಿಗೆ ಅವರ ತಾಯಿ ಸೋಮಾ ಅಕ್ಷರಫಲಕದಿಂದ ಕಲಿಸಿದ ಕ್ರಮ, ಅನಂತರ ಅಮೆರಿಕದಲ್ಲಿ ಪ್ರತ್ಯೇಕ ಪದ್ಧತಿಯಾಗಿ ಬೆಳೆದು ಇಂದಿಗೂ ವಿವಾದದಲ್ಲಿದೆ. ಅಲ್ಲಿನ ವಾಕ್‌ಶ್ರವಣ ತಜ್ಞರ ಸಂಘ 2018ರಲ್ಲಿ ಎರಡನ್ನೂ ಬಳಸಕೂಡದೆಂದು ತಿಳಿಸಿತು. ತನ್ನ ಬೆರಳಿನಿಂದ, ಯಾರ ಆಸರೆಯೂ ಇಲ್ಲದೆ, ಮಗುವೇ ಚಿತ್ರವನ್ನೊತ್ತುವ ಟ್ಯಾಬ್ಲೆಟ್ಟಿನ ಕ್ರಮ ಇವುಗಳಿಂದ ಭಿನ್ನ. ಕಲಿಸುವ ಆತುರದಲ್ಲಿ ಮೊಣಕೈ ಹಿಡಿಯುವ ಅಭ್ಯಾಸ ನಮಗೂ ಬಾರದಂತೆ ನೋಡಿಕೊಂಡರಾಯಿತು.

ಯಂತ್ರವನ್ನು ನಂಬಿದವರಿಗೆ ಯಂತ್ರದ ಒಡೆಯರ ಭಯವೂ ಇರುತ್ತದೆ. 2012ರಲ್ಲಿ ಅಮೆರಿಕದಲ್ಲಿ ಒಂದು ಹಳೆಯ ಕಂಪನಿ ತನ್ನ ಪೇಟೆಂಟಿಗೆ ಭಂಗ ಬಂದಿತೆಂದು ಒಂದು ಹೊಸ ಮಾತಿನ ಆ್ಯಪಿನ ಮೇಲೆ ದಾವೆ ಹೂಡಿದಾಗ, ತೀರ್ಪಿಗೆ ಮೊದಲೇ ಆ ಆ್ಯಪು ಅಂಗಡಿಯಿಂದ ಮಾಯವಾಯಿತು. ಅದರಿಂದಲೇ ಮಾತು ಕಲಿಯುತ್ತಿದ್ದ ನಾಲ್ಕು ವರ್ಷದ ಹುಡುಗಿಯೊಬ್ಬಳ ತಾಯಿ ಬಹಿರಂಗವಾಗಿ ಪ್ರತಿಭಟಿಸಿದರು. ಕಡೆಗೆ ರಾಜಿಯಾಗಿ ಆ್ಯಪು ಮರಳಿತು. ಹಲಗೆಯ ಪ್ರತಿಯೊಂದನ್ನು ಬೇರೆಡೆ ಉಳಿಸಿಡುವುದು, ಮುಖ್ಯ ಚಿತ್ರಗಳನ್ನು ಕಾಗದದಲ್ಲಿ ಮುದ್ರಿಸಿ ಲ್ಯಾಮಿನೇಷನ್ ಮಾಡಿಸಿ ಚೀಲದಲ್ಲಿಡುವುದು ಅಂದಿನಿಂದ ಅನುಭವಸ್ಥ ಪಾಲಕರ ಉಪದೇಶ. ವಿದ್ಯುತ್ತು ಕೈಕೊಡುವ ಊರುಗಳಲ್ಲಿ ಇದು ಇನ್ನೂ ಅಗತ್ಯ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಉದಾರವಾಗಿಯೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸುವ 21 ವೈಕಲ್ಯಗಳಲ್ಲಿ ಆಟಿಸಂ ಸೇರಿದೆ; ಅದೇ ಕಾಯ್ದೆ ‘ಸಂವಹನ’ವೆಂಬುದರ ಅರ್ಥದೊಳಗೆ ವರ್ಧಕ ಮತ್ತು ಪರ್ಯಾಯ ವಿಧಾನಗಳನ್ನು ಸ್ಪಷ್ಟವಾಗಿ ಸೇರಿಸಿದೆ. ಆದುದರಿಂದ ತರಗತಿಯಲ್ಲಿ ಮಗು ಟ್ಯಾಬ್ಲೆಟ್ಟಿನಿಂದ ಉತ್ತರ ಕೊಡುವುದನ್ನು “ನಮ್ಮಲ್ಲಿ ಗ್ಯಾಜೆಟ್ಟುಗಳಿಗೆ ಅನುಮತಿಯಿಲ್ಲ” ಎಂಬ ನಿಯಮದ ಕೆಳಗೆ ತಡೆಯುವ ಶಾಲೆಗಳು ಆ ಕಾಯ್ದೆಯನ್ನು ಒಮ್ಮೆ ಓದಬೇಕು. ಪಾಲಕರು ಜಾಹೀರಾತನ್ನು ನೋಡಿ ದುಬಾರಿ ಸಾಧನವನ್ನು ಕೊಳ್ಳುವ ಮೊದಲು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥಲ್ಲಿ, ಎಎಸಿಗೆಂದೇ ಇರುವ ವಿಭಾಗದಲ್ಲಿ, ಮಗುವಿನ ಪರೀಕ್ಷೆ ಮಾಡಿಸಿ, ಉಚಿತವಾದುದನ್ನು ಕೆಲವು ವಾರ ಬಳಸಿ ನೋಡಬೇಕು. ಮತ್ತೊಂದು ವಿಜ್ಞಾಪನೆ ಮನೆಯವರಿಗೂ ಶಿಕ್ಷಕರಿಗೂ ಸಮಾನವಾದುದು. ಮಗು ಗಲಾಟೆ ಮಾಡಿತೆಂದು, ಒಂದೇ ಗುಂಡಿಯನ್ನು ಮೂವತ್ತು ಸಲ ಒತ್ತಿತೆಂದು, ಹೋಂವರ್ಕ್ ಮುಗಿಸಲಿಲ್ಲವೆಂದು ಟ್ಯಾಬ್ಲೆಟ್ಟನ್ನು ಕಿತ್ತು ಮೇಲಿಡುವುದು ನಮ್ಮಲ್ಲಿ ಸಾಮಾನ್ಯವಾದ ಶಿಕ್ಷೆ. ಮಾತು ಬರುವ ಮಗು ಹರಟಿತೆಂದು ಅದರ ಬಾಯಿಗೆ ಬಟ್ಟೆ ಕಟ್ಟುವವರು ಯಾರೂ ಇಲ್ಲ. ಬೇಕಾದ ಬೇರೆ ಶಿಕ್ಷೆಯನ್ನು ಕೊಡಿ. ಮಾತಿನ ಹಲಗೆಯನ್ನು ಮಾತ್ರ ಕಸಿದುಕೊಳ್ಳಬೇಡಿ.